ಪಾಚಿ ಬೆಳೆಸುವುದು ಸುಲಭ, ತೆಗೆಯುವವರು ಯಾರು?

ಕೊಳಚೆ ನೀರಿನ ಘಟಕಗಳಿಗೆ ಒಪ್ಪಿಗೆ ಕೊಡುವ ಅಧಿಕಾರಿಗಳಿಗೆ, ಅವುಗಳ ನಕ್ಷೆ ಬರೆಯುವ ಎಂಜಿನಿಯರುಗಳಿಗೆ, ಟೆಂಡರಿನ ಷರತ್ತು ಬರೆಯುವವರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ.

ನೀರಿನ ಮಾದರಿ ತಂದು ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ಬಾಟಲಿ, ಐಸ್ ಪೆಟ್ಟಿಗೆ, ರಬ್ಬರ್ ಬೂಟು, ಒಂದು ನೋಟ್‌ಬುಕ್. ಇಷ್ಟು ಹಿಡಿದುಕೊಂಡು ಎಷ್ಟೋ ಕೊಳಗಳ ದಂಡೆ ಸುತ್ತಿದ್ದೇನೆ. ಅದರಲ್ಲಿ ಒಂದು ಕೊಳ ಇನ್ನೂ ತಲೆಯಿಂದ ಹೋಗಿಲ್ಲ. ಪಾಚಿ ಬೆಳೆಸಿ ಕೊಳಚೆ ನೀರು ಶುದ್ಧ ಮಾಡುವ ಕೊಳ ಅದು. ಯಾರದ್ದು, ಎಲ್ಲಿಯದ್ದು ಎನ್ನುವ ಮಾತು ಇಲ್ಲಿ ಬೇಡ. ಲ್ಯಾಬ್ ವರದಿ ಬಹಳ ಚೆನ್ನಾಗಿತ್ತು. ಒಳಗೆ ಬರುವ ನೀರಿನಲ್ಲಿ ಫಾಸ್ಫೇಟ್, ಅಂದರೆ ಕೆಳಗಿನ ಕೆರೆ ಕೆಡಿಸುವ ರಂಜಕದ ಲವಣ, ಧಾರಾಳ; ಹೊರಗೆ ಹೋಗುವ ನೀರಿನಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಎಲ್ಲರಿಗೂ ಖುಷಿ. ನನಗೂ ಖುಷಿ. ಆ ವರದಿಯಲ್ಲಿ ನನ್ನ ಸಹಿಯೂ ಇತ್ತು.

ಒಂದು ದಿನ ಬಾಟಲಿ ತುಂಬಿಕೊಂಡು ವಾಪಸ್ ಹೊರಟಾಗ ಕೋಡಿಯ ಕಡೆ ಕಣ್ಣು ಹೋಯಿತು. ನೀರು ಬಣ್ಣ ಕಲಸಿದ ಹಾಗೆ ದಟ್ಟ ಹಸಿರಾಗಿ ಹರಿದು ಹಳ್ಳ ಸೇರುತ್ತಿತ್ತು. ಆಗ ಹೊಳೆಯಿತು. ಕರಗಿದ ಫಾಸ್ಫೇಟ್ ಅಳೆಯುವ ಮೊದಲು ನೀರನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು, ಅದು ಕ್ರಮ. (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಅಂದರೆ ಒಂದು ಮೈಕ್ರಾನ್.) ನಾವೂ ಹಾಗೇ ಮಾಡುತ್ತಿದ್ದೆವು. ಪಾಚಿಯೆಲ್ಲ ಫಿಲ್ಟರಿನ ಮೇಲೆ ಉಳಿಯುತ್ತಿತ್ತು. ಆ ಹಸಿರು ಬಿಲ್ಲೆಯನ್ನು ನಾನೇ ಚಿಮಟದಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕುತ್ತಿದ್ದೆ. ರಂಜಕ ಇದ್ದದ್ದು ಅದರಲ್ಲಿ!

ಮುಂದಿನ ವಾರ ಸೋಸದ ನೀರನ್ನೇ ಕುದಿಸಿ, ಆಮ್ಲದಲ್ಲಿ ಜೀರ್ಣ ಮಾಡಿಸಿ, ಒಟ್ಟು ರಂಜಕ ಅಳೆದೆವು. ಒಳಗೆ ಬಂದದ್ದು ಹೆಚ್ಚುಕಡಿಮೆ ಅಷ್ಟೂ ಹೊರಗೆ ಹೋಗುತ್ತಿತ್ತು. ಬರುವಾಗ ಕರಗಿಕೊಂಡು ಬಂದಿತ್ತು, ಹೋಗುವಾಗ ಹಸಿರು ಅಂಗಿ ತೊಟ್ಟು ಹೋಯಿತು. ಅಷ್ಟೇ ವ್ಯತ್ಯಾಸ. ಹಳೆಯ ವರದಿಯಲ್ಲಿ ಸುಳ್ಳು ಒಂದೂ ಇರಲಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆಗೆ ಉತ್ತರ ಬರೆದಿದ್ದೆವು.

ಈ ಪತ್ರ ಪಾಚಿಯ ವಿರುದ್ಧ ಅಂದುಕೊಳ್ಳಬೇಡಿ. ನಾನು ಪಾಚಿಯ ಪಕ್ಷದವನೇ. ಆದರೆ ನಿಮ್ಮಲ್ಲಿ ಕೆಲವರು ಪಾಚಿ ಅಂದರೆ ಮೂಗು ಮುರಿಯುತ್ತೀರಿ. ನಮ್ಮ ಭಾಷೆಯಲ್ಲೂ ಅದಕ್ಕೆ ಒಳ್ಳೆಯ ಹೆಸರಿಲ್ಲ, ನಿಜ. ಪಾಚಿ ಕಟ್ಟಿದೆ ಅಂದರೆ ಯಾರೂ ತೊಳೆದಿಲ್ಲ ಅಂತ ಅರ್ಥ, ಕಾಲಿಟ್ಟರೆ ಜಾರುತ್ತೆ ಅಂತ ಅರ್ಥ. ಇನ್ನು ಕೆಲವರು ಯಾರೋ ತೋರಿಸಿದ ಬಣ್ಣದ ಚಿತ್ರ ನೋಡಿ, ಪಾಚಿ ಬಿಟ್ಟರೆ ನೀರು ತಾನಾಗೇ ಶುದ್ಧ, ಮೇಲಿಂದ ಎಣ್ಣೆ, ಗೊಬ್ಬರ, ಲಾಭ ಅಂತ ನಂಬುತ್ತೀರಿ. ಎರಡೂ ಗುಂಪಿಗೆ ಹೇಳುವುದು ಒಂದೇ ಮಾತು. ಪಾಚಿ ತನ್ನ ಕೆಲಸ ಮಾಡುತ್ತೆ. ಅದನ್ನು ನೀರಿನಿಂದ ಎತ್ತಿ ತೆಗೆಯುವ ಕೆಲಸ ನಿಮ್ಮದು. ಆ ಅರ್ಧ ಕೆಲಸ ನಕ್ಷೆಯಲ್ಲಿ ಇಲ್ಲದಿದ್ದರೆ ಉಳಿದ ಅರ್ಧಕ್ಕೆ ದುಡ್ಡು ಹಾಕಬೇಡಿ.

ಪಾಚಿ ಏನು ಮಾಡುತ್ತೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಗೊತ್ತಿರುವವರು ಮುಂದೆ ಹೋಗಿ.

ಈಗ ಹೆಚ್ಚಿನ ಊರುಗಳಲ್ಲಿ ಇರುವ ಘಟಕದ ಮೂಲ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದೆ. ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು 1914ರಲ್ಲಿ ಆ ಕ್ರಮವನ್ನು ಜಗತ್ತಿನ ಮುಂದೆ ಇಟ್ಟರು. ಕೊಳಚೆಯಲ್ಲಿರುವ ಬ್ಯಾಕ್ಟೀರಿಯಾಕ್ಕೆ ಗಾಳಿ ಊದಿ, ಅವು ಕೊಳೆ ತಿಂದು ಕೆಸರಾಗಿ ತಳಕ್ಕೆ ಕೂರುವಂತೆ ಮಾಡುವ ಉಪಾಯ. ಒಳ್ಳೆಯ ಉಪಾಯ. ನೂರು ವರ್ಷ ದಾಟಿದರೂ ಅದನ್ನು ಬಿಡಲಾಗಿಲ್ಲ. ಆದರೆ ಬ್ಲೋವರ್ ಹಗಲೂ ರಾತ್ರಿ ಓಡಬೇಕು. ಇಂಥ ಘಟಕದ ವಿದ್ಯುತ್ತಿನಲ್ಲಿ ಅರ್ಧ, ಕೆಲವು ಕಡೆ ಅರ್ಧಕ್ಕಿಂತ ಜಾಸ್ತಿ, ಬರೀ ಗಾಳಿ ಊದುವುದಕ್ಕೇ ಹೋಗುತ್ತೆ. ಕರೆಂಟ್ ಬಿಲ್ ಕಟ್ಟಲಾಗದೆ ಬ್ಲೋವರ್ ನಿಲ್ಲಿಸಿದ ಘಟಕ ಬರೀ ಸಿಮೆಂಟಿನ ತೊಟ್ಟಿ.

ಪಾಚಿ ಇದ್ದರೆ ಗಾಳಿ ಊದುವ ಕೆಲಸ ಬಿಸಿಲು ಮಾಡುತ್ತೆ. ಬ್ಯಾಕ್ಟೀರಿಯಾ ಕೊಳೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಪಾಚಿ ಅದನ್ನು ಹೀರಿ ಆಮ್ಲಜನಕ ಬಿಡುತ್ತೆ. ಆ ಆಮ್ಲಜನಕ ಮತ್ತೆ ಬ್ಯಾಕ್ಟೀರಿಯಾಕ್ಕೆ. ಒಂದು ಕಿಲೋ ಪಾಚಿ ಬೆಳೆದರೆ ಸುಮಾರು ಒಂದೂವರೆ ಕಿಲೋ ಆಮ್ಲಜನಕ ನೀರಿಗೆ ಸೇರುತ್ತೆ. ಬೆಳೆಯಲು ಅದಕ್ಕೆ ಸಾರಜನಕ, ರಂಜಕ ಬೇಕು. ಕೊಳಚೆಯಲ್ಲಿ ಅವೆರಡಕ್ಕೂ ಬರವಿಲ್ಲ. ನಮಗೆ ಬೇಡವಾದದ್ದು ಅದಕ್ಕೆ ಊಟ.

ಇದು ಹೊಸದಾಗಿ ಕಂಡುಹಿಡಿದದ್ದೇನಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಸ್ವಾಲ್ಡ್ 1950ರ ದಶಕದಲ್ಲೇ ಇದರ ಲೆಕ್ಕ ಹಾಕಿದ್ದರು. ಅವರೂ ಹೆರಾಲ್ಡ್ ಗೋಟಾಸ್ ಅವರೂ ಸೇರಿ ಬರೆದ ಪ್ರಬಂಧ 1957ರದ್ದು. ಆಸ್ವಾಲ್ಡರ ಕೊಳ ನೋಡಲು ಓಟದ ಮೈದಾನದ ಹಾಗೆ. ಉದ್ದ ಕಾಲುವೆ, ತುದಿಯಲ್ಲಿ ತಿರುವು, ನೀರು ಸುತ್ತುತ್ತಲೇ ಇರುತ್ತೆ. ಆಳ ಮೊಣಕಾಲು ಮಟ್ಟ, ಸುಮಾರು 30 ಸೆಂಟಿಮೀಟರಿನಿಂದ 50ರ ತನಕ. ಒಂದು ಪ್ಯಾಡಲ್ ಚಕ್ರ ನೀರನ್ನು ಮೆಲ್ಲಗೆ ತಳ್ಳುತ್ತೆ, ಸೆಕೆಂಡಿಗೆ 15ರಿಂದ 30 ಸೆಂಟಿಮೀಟರ್. ಇಷ್ಟು ನಿಧಾನದ ನೀರು ತಳ್ಳಲು ಬೇಕಾಗುವ ವಿದ್ಯುತ್, ಗಾಳಿ ಊದುವುದಕ್ಕೆ ಹೋಲಿಸಿದರೆ ಬಹಳ ಕಡಿಮೆ. ಬಿಸಿಲು, ಚಳಿ ನೋಡಿಕೊಂಡು ನೀರು ನಾಲ್ಕರಿಂದ ಎಂಟು ಹತ್ತು ದಿನ ಅಲ್ಲಿ ಸುತ್ತುತ್ತೆ.

ಇನ್ನೊಂದು ಲಾಭವನ್ನು ಜನ ಹೇಳುವುದೇ ಇಲ್ಲ. ಮಾಮೂಲಿ ಘಟಕದಲ್ಲಿ ಸಾರಜನಕ ತೆಗೆಯುವುದು ಅಂದರೆ ಅಮೋನಿಯಾವನ್ನು ನೈಟ್ರೇಟ್ ಮಾಡಿ, ನೈಟ್ರೇಟನ್ನು ಸಾರಜನಕದ ಅನಿಲ ಮಾಡಿ, ಗಾಳಿಗೆ ಬಿಡುವುದು. ದಾರಿಯಲ್ಲಿ ಒಂದಷ್ಟು ನೈಟ್ರಸ್ ಆಕ್ಸೈಡ್ ಸೋರುತ್ತೆ. ಭೂಮಿ ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿನ ಸುಮಾರು 273 ಪಟ್ಟು. ಅದೇ ಹೊತ್ತಿಗೆ ಇನ್ನೆಲ್ಲೋ ಒಂದು ಗೊಬ್ಬರದ ಕಾರ್ಖಾನೆ ಗಾಳಿಯ ಸಾರಜನಕವನ್ನೇ ಹಿಡಿದು ಅಮೋನಿಯಾ ಮಾಡುತ್ತಿರುತ್ತೆ. ಇಲ್ಲಿ ದುಡ್ಡು ಕೊಟ್ಟು ಗಾಳಿಗೆ ಬಿಡುತ್ತೇವೆ, ಅಲ್ಲಿ ದುಡ್ಡು ಕೊಟ್ಟು ಗಾಳಿಯಿಂದ ಹಿಡಿಯುತ್ತೇವೆ. ಯೋಚನೆ ಮಾಡಿದರೆ ನಗು ಬರುತ್ತೆ, ಅಲ್ವಾ? ಪಾಚಿ ಅದನ್ನು ಮೈಯಲ್ಲಿ ಇಟ್ಟುಕೊಳ್ಳುತ್ತೆ. ರಂಜಕವಂತೂ ಗಣಿಯಿಂದ ಅಗೆದು ತರುವ ಕಲ್ಲು. ಮುಗಿದರೆ ಮುಗಿಯಿತು, ಅದನ್ನು ಗಾಳಿಯಿಂದ ಮಾಡಲು ಬರುವುದಿಲ್ಲ.

ಸರಿ, ಇನ್ನು ಲೆಕ್ಕಕ್ಕೆ ಬರೋಣ. ಒಬ್ಬ ಮನುಷ್ಯನಿಂದ ದಿನಕ್ಕೆ ಸುಮಾರು 12 ಗ್ರಾಂ ಸಾರಜನಕ ಕೊಳಚೆಗೆ ಸೇರುತ್ತೆ ಅಂತಿಟ್ಟುಕೊಳ್ಳಿ. ಪಾಚಿಯ ಒಣ ತೂಕದಲ್ಲಿ ನೂರಕ್ಕೆ 8ರಷ್ಟು ಸಾರಜನಕ. ಅಂದರೆ ಅಷ್ಟೂ ಹಿಡಿಯಲು ದಿನಕ್ಕೆ 150 ಗ್ರಾಂ ಒಣ ಪಾಚಿ ಬೆಳೆಯಬೇಕು. ರಂಜಕದ ಲೆಕ್ಕವೂ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತೆ. ಬಯಲಿನ ಕೊಳದಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ 15 ಗ್ರಾಂ ಪಾಚಿ ಬಂದರೆ ಒಳ್ಳೆಯ ಬೆಳೆ. ಹಾಗಾಗಿ ತಲೆಗೆ 10 ಚದರ ಮೀಟರ್ ಕೊಳ ಬೇಕು. ಒಂದು ಲಕ್ಷ ಜನರಿಗೆ 100 ಹೆಕ್ಟೇರ್. ಮೋಡ ಕವಿದ ತಿಂಗಳುಗಳಲ್ಲಿ ಬೆಳೆ ಅರ್ಧಕ್ಕೆ ಇಳಿದರೆ ಅದರ ಎರಡರಷ್ಟು. ಗಾಳಿ ಊದುವ ಘಟಕಕ್ಕೆ ತಲೆಗೆ ಒಂದು ಚದರ ಮೀಟರೂ ಬೇಕಾಗುವುದಿಲ್ಲ.

ಈ ಲೆಕ್ಕ ನೋಡಿದ ಮೇಲೂ ದೊಡ್ಡ ನಗರದ ನಡುವೆ ಪೂರ್ತಿ ಪಾಚಿ ಘಟಕ ಕಟ್ಟುತ್ತೇವೆ ಅಂತ ಯಾರಾದರೂ ಬಂದರೆ, ಜಾಗ ಎಲ್ಲಿ ಅಂತ ಕೇಳಿ. ಮಹಡಿ ಮೇಲೆ ಮಹಡಿ ಕಟ್ಟಿ ದೀಪ ಹಾಕುತ್ತೇವೆ ಅಂದರೆ ಇನ್ನೂ ಜೋರಾಗಿ ಕೇಳಿ. ಬಿಟ್ಟಿ ಬಿಸಿಲಿಗಾಗಿ ಪಾಚಿ ಹತ್ತಿರ ಹೋದವರು ಮತ್ತೆ ದೀಪದ ಬಿಲ್ ಕಟ್ಟುವುದು ಯಾವ ಲೆಕ್ಕ? ಸಣ್ಣ ಊರು, ಸುತ್ತ ಬಯಲು, ಒಳ್ಳೆಯ ಬಿಸಿಲು, ಅಂಥ ಕಡೆ ಇದು ನಿಜವಾಗಿ ಒಪ್ಪುವ ಕೆಲಸ. ದೊಡ್ಡ ಊರಿನಲ್ಲಿ ಬೇಕಾದರೆ, ಕೆಸರು ಹಿಂಡಿದಾಗ ಬರುವ ಗಟ್ಟಿ ನೀರು ಇರುತ್ತಲ್ಲ, ಸಾರಜನಕ ತುಂಬಿ ತುಳುಕುವ ನೀರು, ಅದರ ಒಂದು ಪಾಲಿಗೆ ಪಾಚಿ ಕೊಳ ಮಾಡಬಹುದು. ಅದನ್ನೂ ನೀರು ಬೆರೆಸಿ ಸಡಿಲ ಮಾಡಿಯೇ ಕೊಡಬೇಕು. ಅಮೋನಿಯಾ ಅತಿಯಾದರೆ ಪಾಚಿಗೂ ವಿಷ.

ಈಗ ನನ್ನ ಮುಖ್ಯ ಜಗಳ.

ಕೊಳದಲ್ಲಿ ಬೆಳೆಯುವ ಕ್ಲೊರೆಲ್ಲಾ, ಸೀನೆಡೆಸ್ಮಸ್ ಥರದ ಪಾಚಿಯ ಒಂದು ಕೋಶ ಸುಮಾರು 5ರಿಂದ 20 ಮೈಕ್ರಾನ್. ಕೂದಲಿನ ದಪ್ಪಕ್ಕಿಂತ ಎಷ್ಟೋ ಸಣ್ಣದು. ತೂಕ ಹೆಚ್ಚುಕಡಿಮೆ ನೀರಿನಷ್ಟೇ. ಸುಮ್ನೆ ಬಿಟ್ಟರೆ ಗಂಟೆಗೆ ಒಂದು ಸೆಂಟಿಮೀಟರ್ ಇಳಿದರೆ ದೊಡ್ಡದು, ಸಣ್ಣ ಕೋಶ ಅಷ್ಟೂ ಇಳಿಯುವುದಿಲ್ಲ. ಕೋಶಗಳ ಮೈಮೇಲೆಲ್ಲ ಋಣ ವಿದ್ಯುತ್ತು, ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ, ಗುಂಪು ಕಟ್ಟುವುದಿಲ್ಲ. ಕೊಳ ಕಡು ಹಸಿರಾಗಿ ಕಂಡರೂ ಸಾವಿರ ಲೀಟರಿನಲ್ಲಿ ಇರುವ ಒಣ ಪಾಚಿ 200ರಿಂದ 500 ಗ್ರಾಂ ಅಷ್ಟೇ. ಒಂದು ಟ್ಯಾಂಕ್ ನೀರಿನಿಂದ ಒಂದೆರಡು ಹಿಡಿ ಧೂಳು ಆರಿಸಿ ತೆಗೆದ ಹಾಗೆ. ಅದೂ ಪ್ರತಿದಿನ, ಊರಿನ ಅಷ್ಟೂ ನೀರಿನಿಂದ.

ತೆಗೆಯಲು ದಾರಿಗಳಿವೆ. ಸೆಂಟ್ರಿಫ್ಯೂಜ್ ಎನ್ನುವ ಯಂತ್ರದಲ್ಲಿ ಜೋರಾಗಿ ತಿರುಗಿಸಿ ಬೇರೆ ಮಾಡಬಹುದು. ಆದರೆ ಬ್ಲೋವರಿನಲ್ಲಿ ಉಳಿಸಿದ ವಿದ್ಯುತ್ತನ್ನು ಅದು ತಿಂದುಹಾಕುತ್ತೆ. ಔಷಧಿಗೋ ಬಣ್ಣಕ್ಕೋ ಬೆಳೆಸುವ ದುಬಾರಿ ಪಾಚಿಗೆ ಸರಿ, ಕೊಳಚೆಗೆ ಅಲ್ಲ. ಪಟಿಕವನ್ನೋ ಕಬ್ಬಿಣದ ಲವಣವನ್ನೋ ಹಾಕಿದರೆ ಕೋಶಗಳು ಗುಂಪಾಗಿ ಕೂರುತ್ತವೆ. ಕೂರದಿದ್ದರೆ ಸಣ್ಣ ಗಾಳಿಗುಳ್ಳೆ ಬಿಟ್ಟು ಮೇಲೆ ತೇಲಿಸಿ ಕೆನೆಯ ಹಾಗೆ ತೆಗೆಯಬಹುದು. ಇದು ನಡೆಯುವ ದಾರಿ. ಆದರೆ ಲವಣಕ್ಕೆ ಪ್ರತಿದಿನ ದುಡ್ಡು ಬೇಕು, ತೆಗೆದ ಪಾಚಿಯಲ್ಲೂ ಆ ಲೋಹ ಉಳಿಯುತ್ತೆ. ಸಣ್ಣ ತೂತುಗಳ ಪೊರೆಯಲ್ಲಿ ಸೋಸಲು ಹೋದರೆ ಅದು ಆಗಾಗ ಲೋಳೆ ಕಟ್ಟಿ ಕೂರುತ್ತೆ.

ನನಗೆ ಇಷ್ಟವಾದದ್ದು ಇನ್ನೊಂದು ಉಪಾಯ. ನ್ಯೂಜಿಲೆಂಡಿನ ರಾಷ್ಟ್ರೀಯ ಜಲ ಮತ್ತು ವಾತಾವರಣ ಸಂಶೋಧನಾ ಸಂಸ್ಥೆಯವರು ಮಾಡಿ ತೋರಿಸಿದ್ದು. ತಳಕ್ಕೆ ಕೂತ ಪಾಚಿಯಲ್ಲಿ ಸ್ವಲ್ಪ ಭಾಗವನ್ನು ಪ್ರತಿದಿನ ಮತ್ತೆ ಕೊಳಕ್ಕೇ ಹಾಕುವುದು. ತೇಲಿಹೋಗುವ ಜಾತಿಗಳು ಹರಿದುಹೋಗುತ್ತವೆ. ಕೂರುವ ಗುಣ ಇರುವ ಜಾತಿಗೆ ಮತ್ತೆ ಮತ್ತೆ ಅವಕಾಶ ಸಿಗುತ್ತೆ. ಬರಬರುತ್ತಾ ಪೀಡಿಯಾಸ್ಟ್ರಮ್ ಎನ್ನುವ ದೊಡ್ಡ ಗುಂಪು ಕಟ್ಟುವ ಪಾಚಿಯೇ ಕೊಳವನ್ನು ಆಳುತ್ತೆ. ಅದು ತಾನಾಗೇ ತಳಕ್ಕೆ ಕೂರುತ್ತೆ. ಒಳ್ಳೆಯ ಕಾಳು ಆರಿಸಿ ಬೀಜಕ್ಕೆ ಇಟ್ಟುಕೊಳ್ಳುವುದಕ್ಕೂ ಇದಕ್ಕೂ ವ್ಯತ್ಯಾಸವೇನಿಲ್ಲ. ಯಂತ್ರ ಬೇಕಿಲ್ಲ, ತಾಳ್ಮೆ ಬೇಕು, ದಿನಾ ನೋಡಿಕೊಳ್ಳುವ ಒಬ್ಬರು ಬೇಕು.

ಪಾಚಿಯನ್ನು ನೀರಿನಲ್ಲಿ ತೇಲಲು ಬಿಡದೆ ಯಾವುದಕ್ಕಾದರೂ ಅಂಟಿಸಿ ಬೆಳೆಸುವುದು ಮತ್ತೊಂದು ದಾರಿ. ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಇಳಿಜಾರಿನ ಮೇಲೆ ಬಲೆ ಹಾಸಿ, ನೀರು ಅಲೆ ಅಲೆಯಾಗಿ ಹರಿಸಿ, ಎಳೆ ಎಳೆಯಾದ ಪಾಚಿಯ ಹಾಸು ಬೆಳೆಸಿದರು. ಆಗಾಗ ಕೆರೆದು ತೆಗೆದರೆ ಆಯಿತು. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇನ್ನೊಂದು ಕ್ರಮದಲ್ಲಿ ನೆಟ್ಟಗೆ ನಿಲ್ಲಿಸಿದ ಬೆಲ್ಟು ನಿಧಾನ ತಿರುಗುತ್ತೆ. ನೀರಿಗೆ ಮುಳುಗಿ ಊಟ ಹೀರುತ್ತೆ, ಮೇಲೆ ಬಂದು ಬಿಸಿಲು ಕಾಯುತ್ತೆ. ಬಟ್ಟೆ ಒಗೆದ ಹಾಗೆ ಬೆಲ್ಟನ್ನು ಉಜ್ಜಬೇಕು, ಅಷ್ಟೇ. ನೀರನ್ನು ಹಿಂಡುವ ಗೋಜು ಬಹಳ ಕಡಿಮೆ. ಜಾಗವೂ ಉಳಿಯುತ್ತೆ.

ಇವುಗಳಲ್ಲಿ ಯಾವುದನ್ನು ಬೇಕಾದರೂ ಆರಿಸಿ. ಆದರೆ ನಿಮ್ಮ ಮುಂದೆ ಬರುವ ಕಡತಗಳಲ್ಲಿ ಪಾಚಿ ಬೆಳೆಸುವುದಕ್ಕೆ ಹತ್ತು ಪುಟ, ತೆಗೆಯುವುದಕ್ಕೆ ಒಂದು ಸಾಲು ಇರುತ್ತೆ. ನಾನು ನೋಡಿದ ಕಡತಗಳಲ್ಲಿ ಆ ಸಾಲು ಹೆಚ್ಚಾಗಿ "ನಂತರ ಸೂಕ್ತ ವಿಧಾನದಿಂದ ಬೇರ್ಪಡಿಸಲಾಗುವುದು" ಎಂಬ ಥರ ಇರುತ್ತಿತ್ತು. ಆ ಸೂಕ್ತ ವಿಧಾನ ಯಾವುದು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಒಪ್ಪಿಕೊಳ್ಳುತ್ತೇನೆ.

ತೆಗೆದ ಮೇಲೆ ಏನು? ಮೇಲಿನ ಲೆಕ್ಕವನ್ನೇ ಮುಂದುವರಿಸಿ. ಒಂದು ಲಕ್ಷ ಜನರಿಗೆ ದಿನಕ್ಕೆ 15 ಟನ್ ಒಣ ಪಾಚಿ. ಹಿಂಡಿದ ಮೇಲೂ ಅದರಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇದ್ದರೆ, ಸಾಗಿಸಬೇಕಾದ್ದು 75 ಟನ್. ಪ್ರತಿದಿನ! ಎರಡು ದಿನ ಹಾಗೇ ಬಿಟ್ಟರೆ ಕೊಳೆತು ನಾರುತ್ತೆ. ಎಲ್ಲಿಗೆ ಹೋಗುತ್ತೆ ಇದು?

ಎಣ್ಣೆ ತೆಗೆಯುತ್ತೇವೆ ಅನ್ನುವವರಿಗೆ ಒಂದು ಹಳೆಯ ಕಥೆ ನೆನಪಿಸಬೇಕು. ಅಮೆರಿಕದ ಇಂಧನ ಇಲಾಖೆ 1978ರಿಂದ 1996ರ ತನಕ ಪಾಚಿಯಿಂದ ಇಂಧನ ಮಾಡುವ ಒಂದು ದೊಡ್ಡ ಸಂಶೋಧನೆ ನಡೆಸಿತು. ಎಣ್ಣೆ ಬಂತು. ಖರ್ಚು ಹುಟ್ಟಲಿಲ್ಲ. ಕೊನೆಗೆ ಮುಚ್ಚಿದರು. ಬಯೋಗ್ಯಾಸ್ ಮಾಡುವುದು ಇದಕ್ಕಿಂತ ನಂಬಬಹುದಾದ ದಾರಿ. ಸ್ಪೇನಿನ ಚಿಕ್ಲಾನಾ ಎಂಬ ಊರಿನಲ್ಲಿ ಯುರೋಪಿಯನ್ ಒಕ್ಕೂಟದ ನೆರವಿನಿಂದ 2011ರಲ್ಲಿ ಶುರುವಾದ ಯೋಜನೆಯಲ್ಲಿ ಕೊಳಚೆಯಲ್ಲಿ ಪಾಚಿ ಬೆಳೆಸಿ, ಅದರ ಗ್ಯಾಸಿನಲ್ಲಿ ಕಾರು ಓಡಿಸಿ ತೋರಿಸಿದರು. ಕೊಳಗಳೇ ಸುಮಾರು 2 ಹೆಕ್ಟೇರ್. ಅಲ್ಲೂ ನೆನಪಿಡಬೇಕಾದದ್ದು ಒಂದಿದೆ. ಪಾಚಿಯ ಕೋಶದ ಗೋಡೆ ಗಟ್ಟಿ. ಡೈಜೆಸ್ಟರ್, ಅಂದರೆ ಗ್ಯಾಸ್ ಮಾಡುವ ಮುಚ್ಚಿದ ತೊಟ್ಟಿಯ ಬ್ಯಾಕ್ಟೀರಿಯಾಕ್ಕೂ ಅದು ಸುಲಭದ ತುತ್ತಲ್ಲ. ಗ್ಯಾಸ್ ತೆಗೆದ ಮೇಲೂ ಸಾರಜನಕ, ರಂಜಕ ಅಲ್ಲೇ ಉಳಿದಿರುತ್ತವೆ. ಅವನ್ನು ಹೊಲಕ್ಕೆ ಹಾಕಿದರೆ ಮಾತ್ರ ಸುತ್ತು ಪೂರ್ತಿಯಾಗುತ್ತೆ.

ಹೊಲಕ್ಕೆ ಹಾಕಬಹುದೋ ಇಲ್ಲವೋ ಎನ್ನುವುದು ನಿಮ್ಮ ಚರಂಡಿಯಲ್ಲಿ ಏನು ಬರುತ್ತೆ ಎನ್ನುವುದರ ಮೇಲೆ ನಿಂತಿದೆ. ಪಾಚಿಯ ಕೋಶದ ಗೋಡೆ ಸೀಸ, ಕ್ಯಾಡ್ಮಿಯಂ, ತಾಮ್ರವನ್ನು ಅಯಸ್ಕಾಂತದ ಹಾಗೆ ಹಿಡಿಯುತ್ತೆ. ಇದನ್ನೂ ಮಾರಾಟಗಾರರು ಲಾಭವೆಂದೇ ಹೇಳುತ್ತಾರೆ. ನೀರಿಗೆ ಲಾಭ, ಹೌದು. ಆದರೆ ಆ ಪಾಚಿ ಆಮೇಲೆ ಗೊಬ್ಬರವೂ ಅಲ್ಲ, ಮೇವೂ ಅಲ್ಲ, ಅಪಾಯದ ಕಸ. ಮನೆಗಳ ಕೊಳಚೆಗೆ ಲೋಹದ ಲೇಪ ಹಾಕುವ ಕಾರ್ಖಾನೆಯ ನೀರು ಸೇರಿಸಿದಿರೋ, ಒಂದು ಪೈಪಿನಿಂದಾಗಿ ಅಷ್ಟೂ ಟನ್ ಪಾಚಿ ಹಾಳು. ಲೋಹದ ನೀರಿಗೆ ಬೇರೆ ಕೊಳ ಮಾಡಿ, ಅದರ ಪಾಚಿಯನ್ನು ಬೇರೆಯೇ ಇಡಿ. ಕೊಳಚೆಯಲ್ಲಿ ಬೆಳೆದ ಪಾಚಿಯನ್ನು ದನಕ್ಕೋ ಮೀನಿಗೋ ತಿನ್ನಿಸುವ ಮಾತು ಬಂದರಂತೂ ನಾನು ಎದ್ದು ಹೋಗುತ್ತೇನೆ.

ಮಾತ್ರೆ, ಔಷಧಿಗಳ ಉಳಿಕೆ ಬಗ್ಗೆಯೂ ಕೇಳುತ್ತೀರಿ. ಕೆಲವು ಹೋಗುತ್ತವೆ, ಕೆಲವು ಹೋಗುವುದಿಲ್ಲ. ನೋವಿಗೆ ಕೊಡುವ ಡೈಕ್ಲೊಫಿನ್ಯಾಕ್ ಬಿಸಿಲಿಗೆ ಒಡೆಯುತ್ತೆ, ಆಳ ಕಡಿಮೆ ಇರುವ ಕೊಳದಲ್ಲಿ ಅದಕ್ಕೆ ಒಳ್ಳೆಯ ಅವಕಾಶ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಾಜೆಪಿನ್ ಮಾತ್ರ ಮಹಾ ಹಟಮಾರಿ. ಪಾಚಿಗೂ ಬಗ್ಗುವುದಿಲ್ಲ, ಬ್ಯಾಕ್ಟೀರಿಯಾಕ್ಕೂ ಬಗ್ಗುವುದಿಲ್ಲ. ಎಲ್ಲವನ್ನೂ ತೆಗೆಯುತ್ತೆ ಅಂತ ಬರೆದವರ ಕಡತ ಪಕ್ಕಕ್ಕೆ ಇಡಿ.

ಮಾದರಿ ತೆಗೆಯುವ ಹೊತ್ತಿನ ಬಗ್ಗೆ ಒಂದು ಮಾತು, ಇದು ನನ್ನ ಕಸುಬು. ಪಾಚಿ ಕೊಳ ಹಗಲು ಒಂದು, ರಾತ್ರಿ ಇನ್ನೊಂದು. ಮಧ್ಯಾಹ್ನ ಹೋದರೆ ನೀರಿನಲ್ಲಿ ಆಮ್ಲಜನಕ ಉಕ್ಕುತ್ತಿರುತ್ತೆ, ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅಂತ ಹೇಳುವ ಪಿಎಚ್ 9 ದಾಟಿ ಕೆಲವೊಮ್ಮೆ 10ಕ್ಕೂ ಹೋಗಿರುತ್ತೆ. ಬಿಸಿಲು, ಪಿಎಚ್, ಆಮ್ಲಜನಕ ಮೂರೂ ಸೇರಿ ರೋಗಾಣುಗಳನ್ನು ಕೊಲ್ಲುವ ಹೊತ್ತು ಅದು. ಆಗ ತೆಗೆದ ಬಾಟಲಿ ಎಲ್ಲ ಪರೀಕ್ಷೆಯಲ್ಲೂ ಪಾಸು. ಬೆಳಗಿನ ಜಾವ ನಾಲ್ಕೂವರೆಗೆ ಹೋಗಿ. ರಾತ್ರಿಯೆಲ್ಲ ಪಾಚಿಯೂ ಉಸಿರಾಡಿದೆ, ಆಮ್ಲಜನಕ ತಳ ಹಿಡಿದಿರುತ್ತೆ. ನಾನು ಕೆಲಸ ಮಾಡಿದಷ್ಟು ದಿನ ಮಾದರಿ ತೆಗೆಯುವ ಹೊತ್ತು ಹನ್ನೊಂದರಿಂದ ಎರಡು. ಯಾಕೆಂದರೆ ಜೀಪು ಸಿಗುವ ಹೊತ್ತು ಅದು. ಕೊಳಕ್ಕೆ ಒಳ್ಳೆಯ ಅಂಕ ಬರಲು ಒಂದು ಕಾರಣ ಆ ಜೀಪಿನ ಡ್ರೈವರ್!

ಪಿಎಚ್ ಏರಿದಾಗ ಇನ್ನೊಂದು ಸಂಗತಿ ನಡೆಯುತ್ತೆ. ಪಿಎಚ್ 9.25ರ ಹತ್ತಿರ ಅಮೋನಿಯಾದ ಅರ್ಧ ಭಾಗ ಅನಿಲದ ರೂಪಕ್ಕೆ ಬಂದಿರುತ್ತೆ. ಅದರಲ್ಲಿ ಒಂದಷ್ಟು ಮೆಲ್ಲಗೆ ಗಾಳಿಗೆ ಹಾರುತ್ತೆ. ರಂಜಕವೂ ಕ್ಯಾಲ್ಸಿಯಂ ಜತೆ ಸೇರಿ ತಳಕ್ಕೆ ಇಳಿಯಬಹುದು. ಹಾಗಾಗಿ ನೀರಿನಲ್ಲಿ ಕಡಿಮೆಯಾದದ್ದೆಲ್ಲ ಪಾಚಿಯ ಹೊಟ್ಟೆಗೆ ಹೋಯಿತು ಅಂತ ಹೇಳಲು ಬರುವುದಿಲ್ಲ. ಅದಕ್ಕೇ ತೂಕದ ಲೆಕ್ಕ ಬೇಕು ಅನ್ನುವುದು.

ಕೊಳ ಒಮ್ಮೊಮ್ಮೆ ಸತ್ತೇಹೋಗುತ್ತೆ, ಅದನ್ನೂ ತಿಳಿದಿರಿ. ನೀರುಚಿಗಟ ಅನ್ನುವ ಡ್ಯಾಫ್ನಿಯಾ, ರೋಟಿಫರ್ ಥರದ ಸಣ್ಣ ಜೀವಿಗಳು ಪಾಚಿಯನ್ನು ಮೇಯುತ್ತವೆ. ಸೋಮವಾರ ಹಸಿರಾಗಿದ್ದ ಕೊಳ ಆ ವಾರಾಂತ್ಯಕ್ಕೆ ಕಂದು ಬಣ್ಣಕ್ಕೆ ತಿರುಗಿ ತಿಳಿಯಾಗಿರುವುದನ್ನು ಕಂಡಿದ್ದೇನೆ. ಆವತ್ತು ನೋಡಲು ಬಂದವರು "ಆಹಾ, ಎಷ್ಟು ತಿಳಿ ನೀರು" ಅಂದರು. ಕೆಲಸಗಾರರೇ ಇಲ್ಲದ ಕಾರ್ಖಾನೆಯಲ್ಲಿ ಸದ್ದು ಕಡಿಮೆ ಅಂತ ಮೆಚ್ಚಿದ ಹಾಗಾಯಿತು. ಒಂದೇ ದೊಡ್ಡ ಕೊಳದ ಬದಲು ನಾಲ್ಕೈದು ಕೊಳ ಇದ್ದರೆ, ಒಂದು ಹಾಳಾದರೂ ಪಕ್ಕದ್ದರಿಂದ ಮತ್ತೆ ಬಿತ್ತಬಹುದು.

ಇನ್ನು ಕೆರೆಗಳಿಗೆ ಬಾಟಲಿಯಿಂದ ಏನೋ ಸುರಿದು ಪಾಚಿ ಬೆಳೆಸಿ ಶುದ್ಧ ಮಾಡುತ್ತೇವೆ ಅನ್ನುವವರ ವಿಚಾರ. ಕೆರೆಗೆ ಬಂದ ರಂಜಕವನ್ನು ಯಾರೂ ಹೊರಗೆ ತೆಗೆಯದಿದ್ದರೆ ಅದು ಕೆರೆಯಲ್ಲೇ ಇರುತ್ತೆ. ಪಾಚಿ ಹುಟ್ಟುತ್ತೆ, ಸಾಯುತ್ತೆ, ಕೊಳೆಯುತ್ತೆ, ಅದೇ ರಂಜಕ ಮತ್ತೆ ಹೊರಗೆ. ಕೆನಡಾದ ಒಂಟಾರಿಯೋದಲ್ಲಿ 1973ರಲ್ಲಿ, ಪ್ರಯೋಗಕ್ಕೆಂದು ಇಟ್ಟ ಕೆರೆಗಳಲ್ಲಿ 226ನೇ ನಂಬರಿನ ಕೆರೆಯ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿದರು. ಒಂದಕ್ಕೆ ಮಾತ್ರ ರಂಜಕವನ್ನೂ ಹಾಕಿದರು. ಆ ಅರ್ಧ ಹಸಿರಾಯಿತು, ಈ ಅರ್ಧ ಹಾಗೇ ಉಳಿಯಿತು. ವಿಮಾನದಿಂದ ತೆಗೆದ ಆ ಚಿತ್ರ ಹುಡುಕಿ ನೋಡಿ, ಸಭೆಯಲ್ಲಿ ಒಂದು ಗಂಟೆ ಮಾತಾಡುವುದು ಉಳಿಯುತ್ತೆ. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲಿಡೊ ನಗರದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಎರಡು ಮೂರು ದಿನ ನಲ್ಲಿ ನೀರು ಕುಡಿಯುವ ಹಾಗಿರಲಿಲ್ಲ. ಈರಿ ಸರೋವರದಲ್ಲಿ ಬೆಳೆದ ನೀಲಿಹಸಿರು ಪಾಚಿಯ ವಿಷ ನೀರಿಗೆ ಸೇರಿತ್ತು. ಕುದಿಸಿದರೂ ಹೋಗದ ವಿಷ ಅದು. ಅಲ್ಲಿಗೆ ರಂಜಕ ಬಂದದ್ದು ಹೆಚ್ಚಾಗಿ ಹೊಲಗಳಿಂದ. ಊರಿನ ಕೋಡಿಯಿಂದ ಹಸಿರು ನೀರು ಬಿಟ್ಟರೂ ಕೆಳಗಿನ ಕೆರೆಗೆ ಲೆಕ್ಕ ಒಂದೇ.

ಈಗ ಟೆಂಡರ್ ಬರೆಯುವವರ ಹತ್ತಿರ ನನ್ನ ಕೋರಿಕೆ. ಹೊರಹೋಗುವ ನೀರಿನ ಪರೀಕ್ಷೆಯಲ್ಲಿ "ಸೋಸದ ಮಾದರಿ, ಒಟ್ಟು ಸಾರಜನಕ, ಒಟ್ಟು ರಂಜಕ" ಅಂತ ಬರೆಯಿರಿ. ಈ ಮೂರು ತುಣುಕು ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ನಿಯಮಗಳೇ ಕೆಲವೊಮ್ಮೆ ಸೋಸಲು ಬಿಡುತ್ತವೆ. ಯುರೋಪಿನ 1991ರ ನಗರ ಕೊಳಚೆ ನೀರಿನ ನಿರ್ದೇಶನದಲ್ಲಿ ಕೊಳಗಳಿಂದ ಬರುವ ನೀರನ್ನು ಸೋಸಿ ಪರೀಕ್ಷಿಸಬೇಕು ಅಂತಲೇ ಬರೆದಿತ್ತು. ಜತೆಗೆ ಸೋಸದ ನೀರಿನಲ್ಲಿ ತೇಲುವ ಕಣ ಲೀಟರಿಗೆ 150 ಮಿಲಿಗ್ರಾಂ ದಾಟಬಾರದು ಅಂತಲೂ ಇತ್ತು. ಕೊಳಗಳಿಗೆ ಕೊಟ್ಟ ರಿಯಾಯಿತಿ ಅದು. ಪಾಚಿಯನ್ನು ತೆಗೆಯಲೆಂದೇ ಕಟ್ಟುವ ಘಟಕಕ್ಕೆ ಆ ರಿಯಾಯಿತಿ ಕೊಡುವುದು, ಕಳ್ಳನ ಕೈಗೇ ಬೀಗದಕೈ ಕೊಟ್ಟ ಹಾಗೆ.

ಗುತ್ತಿಗೆದಾರರಿಗೆ ದುಡ್ಡು ಕೊಡುವುದನ್ನೂ ಹರಿದ ನೀರಿನ ಲೆಕ್ಕದಲ್ಲಿ ಕೊಡಬೇಡಿ. ಎತ್ತಿ ತೂಗಿದ ಪಾಚಿಯ ಲೆಕ್ಕದಲ್ಲಿ ಕೊಡಿ. ಗೇಟಿನ ಹತ್ತಿರ ಒಂದು ತೂಕದ ಯಂತ್ರ ಇರಲಿ. ಇವತ್ತು ಎಷ್ಟು ಪಾಚಿ ಹೊರಗೆ ಹೋಯಿತು, ಅದರಲ್ಲಿ ನೀರೆಷ್ಟು, ರಂಜಕವೆಷ್ಟು, ಯಾವ ಡೈಜೆಸ್ಟರಿಗೆ ಅಥವಾ ಯಾವ ಹೊಲಕ್ಕೆ ಹೋಯಿತು. ಒಳಗೆ ಬಂದ ರಂಜಕದ ಕಿಲೋ, ನೀರಿನಲ್ಲಿ ಹೊರಗೆ ಹೋದ ಕಿಲೋ, ಪಾಚಿಯಲ್ಲಿ ಹೋದ ಕಿಲೋ, ತಳದಲ್ಲಿ ಕೂತ ಕಿಲೋ. ಇವು ತಾಳೆಯಾಗಬೇಕು. ಪೂರ್ತಿ ತಾಳೆಯಾಗುವುದಿಲ್ಲ, ನನಗೂ ಗೊತ್ತು, ಕೊಳದ ದಂಡೆಯಲ್ಲಿ ಮಾಡುವ ಅಳತೆ ಯಾವತ್ತೂ ಹಾಗೇ. ಆದರೆ ಹತ್ತಿರವಾದರೂ ಬರಬೇಕು.

ಪ್ರಯೋಗ ಮಾಡಿಸುವುದಾದರೆ ಒಂದು ವರ್ಷ ಪೂರ್ತಿ ಮಾಡಿಸಿ. ಬಿಸಿಲಿನ ಮೂರು ತಿಂಗಳ ಅಂಕಿ ತಂದು ತೋರಿಸುವುದು ಸುಲಭ. ಬೆಳಗಿನ ಜಾವದ ಮಾದರಿ ತಿಂಗಳಿಗೆ ಎರಡು ಸಲವಾದರೂ ಇರಲಿ. ಅಂಕಿಗಳನ್ನು ಊರಿನವರು ಓದುವ ಹಾಗೆ ಗೇಟಿನ ಮೇಲೆ ಬರೆಸಿ. ಕೊಳ ಕೆಟ್ಟ ವಾರದ ಅಂಕಿಯನ್ನೂ ಬರೆಸಿ.

ಆ ಕೊಳಕ್ಕೆ ಕೊನೆಗೆ ಏನಾಯಿತು ಅಂತ ಕೇಳುತ್ತೀರಿ. ಕೋಡಿಯ ಮುಂದೆ ಪಾಚಿ ಕೂರಲು ಎರಡು ಆಳದ ತೊಟ್ಟಿ ಕಟ್ಟಿದರು. ಕೂತದ್ದರಲ್ಲಿ ಒಂದು ಪಾಲನ್ನು ದಿನಾ ಕೊಳಕ್ಕೆ ವಾಪಸ್ ಹಾಕಲು ಒಬ್ಬರನ್ನು ನೇಮಿಸಿದರು. ಮೊದಲ ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ಬಾಟಲಿಯಲ್ಲಿ ತುಂಬಿದ ನೀರು, ನಾನು ಲೇಬಲ್ ಅಂಟಿಸಿ ಮುಗಿಸುವಷ್ಟರಲ್ಲಿ, ತಳದಲ್ಲಿ ಹಸಿರು ಪದರ ಬಿಟ್ಟು ಮೇಲೆ ತಿಳಿಯಾಗತೊಡಗಿತು. ಸೋಸದೆ ಅಳೆದೆವು. ಹಳೆಯ ವರದಿಯಷ್ಟು ಚೆಂದದ ಅಂಕಿ ಬರಲಿಲ್ಲ. ಆದರೆ ಈ ಸಲ ಸಹಿ ಹಾಕುವಾಗ ಕೈ ನಡುಗಲಿಲ್ಲ.

ಟೆಂಡರಿನ ಆ ಮೂರು ತುಣುಕು ಬರೆಯುವಾಗ ಯಾರಿಗಾದರೂ ಅನುಮಾನ ಬಂದರೆ, ಒಂದು ಬಕೆಟ್ ಹಿಡಿದು ಕೋಡಿಯ ಹತ್ತಿರ ಬನ್ನಿ. ಬೂಟು ನನ್ನ ಹತ್ತಿರ ಎರಡು ಜೊತೆ ಇವೆ.

ಇಂತಿ,
ಕೊಳದ ದಂಡೆಯ ಒಬ್ಬ ಹಳೆಯ ಲ್ಯಾಬ್ ಕೆಲಸಗಾರ